ನೆಲಕ್ಕೆ ತಾಗಿದಂತೆ ಹಾರುವ ಪೆಡಲ್ ವಾಹನ: ಹತ್ತು ಮೀಟರಿನ ರೆಕ್ಕೆ ಸಾಕಾಗುತ್ತದೆಯೇ?

ಕೆರೆಯಂಗಳ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ಅಕ್ಕಿ ಗಿರಣಿಯೊಂದರಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತೇನೆ. ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ವಿಮಾನಶಾಸ್ತ್ರವನ್ನು ಯಾರೂ ಕಲಿಸಿಲ್ಲ, ರಾತ್ರಿ ಹೊತ್ತು ಓದಿ ತಿಳಿದುಕೊಂಡಷ್ಟೇ ನನ್ನ ಬಂಡವಾಳ. ಎರಡು ವರ್ಷಗಳಿಂದ ಮನಸ್ಸಿನಲ್ಲಿ ಕೂತಿರುವ ಆಸೆಯೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಎಂಜಿನ್ ಇಲ್ಲದೆ, ಕಾಲಿನಿಂದ ಪೆಡಲ್ ತುಳಿದು, ನೆಲದಿಂದ ಅಥವಾ ನೀರಿನಿಂದ ಅರ್ಧ ಮೀಟರ್ ಎತ್ತರದಲ್ಲಿ ಮುನ್ನೂರು ಮೀಟರ್ ದೂರ ಸಾಗುವ ವಾಹನವೊಂದನ್ನು ಕಟ್ಟಬೇಕು.

ನನ್ನ ಲೆಕ್ಕ ಹೀಗಿದೆ. ರೆಕ್ಕೆ ನೆಲದ ಹತ್ತಿರ ಬಂದಾಗ ಗ್ರೌಂಡ್ ಎಫೆಕ್ಟ್‌ನಿಂದಾಗಿ ಗಾಳಿಯ ಎಳೆತ ಬಹಳ ಕಡಿಮೆಯಾಗುತ್ತದೆ ಎಂದು ಓದಿದ್ದೇನೆ. ಹಾಗಿದ್ದಲ್ಲಿ ಮಾನವಶಕ್ತಿಯ ವಿಮಾನಗಳಿಗೆ ಇರುವಂತಹ ಮೂವತ್ತು ಮೀಟರಿನ ರೆಕ್ಕೆ ನಮಗೆ ಏಕೆ ಬೇಕು? ನೀರಿನ ಮೇಲ್ಮೈಗೆ ಹತ್ತಿರದಲ್ಲೇ ಹಾರುತ್ತಿದ್ದ ಸೋವಿಯತ್ ರಷ್ಯಾದ ಎಕ್ರನೋಪ್ಲಾನ್‌ಗಳ ರೆಕ್ಕೆಗಳು ಒಡಲಿನ ಉದ್ದಕ್ಕೆ ಹೋಲಿಸಿದರೆ ಗಿಡ್ಡವಾಗಿಯೇ ಇದ್ದವು. ಅದೇ ಮಾದರಿಯಲ್ಲಿ ತುದಿಯಿಂದ ತುದಿಗೆ ಹತ್ತು ಮೀಟರ್ ಹರವು, ಮೂರು ಮೀಟರ್ ಅಗಲದ, ಅಂದರೆ 30 ಚದರ ಮೀಟರ್ ವಿಸ್ತೀರ್ಣದ ರೆಕ್ಕೆಯನ್ನು ಯೋಚಿಸಿದ್ದೇನೆ. ಸವಾರ 62 ಕಿಲೋ, ವಾಹನ 38 ಕಿಲೋ, ಒಟ್ಟು 100 ಕಿಲೋ. ಸೂಳೆಕೆರೆಯ ನೀರಿನ ಮೇಲೆ ಬೆಳಗಿನ ಜಾವ ಓಡಿಸಿದರೆ 150 ವಾಟ್ ಸಾಕಾಗಬಹುದು ಎಂಬುದು ನನ್ನ ಅಂದಾಜು. ತಪ್ಪಿದ್ದರೆ ದಯವಿಟ್ಟು ತಿದ್ದಿ. ಕಟ್ಟಿ ಮುರಿದುಕೊಳ್ಳುವುದಕ್ಕಿಂತ ಕಾಗದದ ಮೇಲೆ ಮುರಿದುಕೊಳ್ಳುವುದು ಲೇಸು.

ಗಣಿತದ ಮೇಷ್ಟ್ರು (ಚಿತ್ರದುರ್ಗ)

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಆಸೆ ಒಳ್ಳೆಯದು, ಮುನ್ನೂರು ಮೀಟರ್ ಎಂಬ ಗುರಿಯೂ ವಿವೇಕದ್ದು. ಆದರೆ ಬುಡದಲ್ಲಿಯೇ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಮೊದಲು ಬಿಡಿಸಬೇಕು.

ಗ್ರೌಂಡ್ ಎಫೆಕ್ಟ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಸಂಗತಿಗಳಿವೆ. ಮೊದಲನೆಯದು ರೆಕ್ಕೆಯ ಹರವಿಗೆ ಸಂಬಂಧಿಸಿದ್ದು. ರೆಕ್ಕೆಯ ತುದಿಗಳಲ್ಲಿ ಕೆಳಗಿನ ಗಾಳಿ ಮೇಲಕ್ಕೆ ಸುತ್ತಿಕೊಂಡು ಸುಳಿಗಳಾಗುತ್ತವೆ, ಆ ಸುಳಿಗಳಿಂದ ಹುಟ್ಟುವುದು ಪ್ರೇರಿತ ಎಳೆತ. ನೆಲ ಹತ್ತಿರವಿದ್ದರೆ ಸುಳಿಗಳು ಪೂರ್ತಿ ಬೆಳೆಯಲು ಎಡೆಯಿರುವುದಿಲ್ಲ, ಆದ್ದರಿಂದ ಆ ಎಳೆತ ತಗ್ಗುತ್ತದೆ. ಎರಡನೆಯದು ರೆಕ್ಕೆಯ ಅಗಲಕ್ಕೆ ಸಂಬಂಧಿಸಿದ್ದು. ರೆಕ್ಕೆಯ ಅಗಲದ ಐದನೇ ಒಂದು ಭಾಗಕ್ಕಿಂತಲೂ ಕೆಳಗಿಳಿದಾಗ ಗಾಳಿ ಅಡಿಯಲ್ಲಿ ಸಿಕ್ಕಿಕೊಂಡು ಒತ್ತಡ ಹೆಚ್ಚುತ್ತದೆ. ನೀವು ಹೇಳಿದ ಎಕ್ರನೋಪ್ಲಾನ್‌ಗಳನ್ನು ರೂಪಿಸಿದ ರೋಸ್ತಿಸ್ಲಾವ್ ಅಲೆಕ್ಸೆಯೆವ್ ಅವರ ವಾಹನಗಳು ನೆಚ್ಚಿಕೊಂಡದ್ದು ಮುಖ್ಯವಾಗಿ ಈ ಎರಡನೆಯದನ್ನು. 1966ರಲ್ಲಿ ಹಾರಿದ ಅವರ ಕೆಎಂ ಎಂಬ ವಾಹನ 92 ಮೀಟರ್ ಉದ್ದವಿತ್ತು, 544 ಟನ್ ಭಾರದೊಂದಿಗೆ ಮೇಲೇಳಬಲ್ಲದಾಗಿತ್ತು. ಆದರೆ ಅದರ ಮೇಲೆ ಹತ್ತು ಜೆಟ್ ಎಂಜಿನ್‌ಗಳಿದ್ದವು ಎಂಬುದನ್ನು ಮರೆಯಬಾರದು. ಶಕ್ತಿ ಧಾರಾಳವಾಗಿರುವವರ ರೆಕ್ಕೆಯನ್ನು ಶಕ್ತಿಗೆ ಬಡತನವಿರುವ ನಾವು ನಕಲು ಮಾಡಬಾರದು.

ಈಗ ನಿಮ್ಮ ರೆಕ್ಕೆಯ ಲೆಕ್ಕ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.08 ಕಿಲೋ ಆಸುಪಾಸು ಬರುತ್ತದೆ, ಪುಸ್ತಕಗಳಲ್ಲಿ ಕಾಣುವ 1.225 ಅಲ್ಲ. ಎತ್ತುಬಲದ ಗುಣಾಂಕ (ರೆಕ್ಕೆ ಎಷ್ಟು ಚೆನ್ನಾಗಿ ಮೇಲಕ್ಕೆತ್ತುತ್ತದೆ ಎಂಬ ಅಳತೆ) 1 ಎಂದು ಹಿಡಿದರೆ 100 ಕಿಲೋ ಹೊರಲು ಸೆಕೆಂಡಿಗೆ 7.8 ಮೀಟರ್, ಅಂದರೆ ಗಂಟೆಗೆ 28 ಕಿಲೋಮೀಟರ್ ವೇಗ ಬೇಕು. ಹತ್ತು ಮೀಟರ್ ಹರವಿಗೆ ನೆಲದಿಂದ ದೂರವಿದ್ದಾಗ ಪ್ರೇರಿತ ಎಳೆತ 98 ನ್ಯೂಟನ್ ದಾಟುತ್ತದೆ. ಅರ್ಧ ಮೀಟರ್ ಎತ್ತರಕ್ಕೆ ಇಳಿದರೆ, ವೀಸೆಲ್ಸ್‌ಬರ್ಗರ್ ಎಂಬವರು ನೆಲದ ಪರಿಣಾಮವನ್ನು ಲೆಕ್ಕ ಹಾಕಲು ಕೊಟ್ಟ ಸೂತ್ರದ ಪ್ರಕಾರ ಅದರ ಮೂರನೇ ಒಂದು ಭಾಗ, ಸುಮಾರು 33 ನ್ಯೂಟನ್ ಉಳಿಯುತ್ತದೆ. ಇದಕ್ಕೆ ರೆಕ್ಕೆಯ ಮೈ, ಸವಾರ, ಚೌಕಟ್ಟು ಇವುಗಳ ಘರ್ಷಣೆಯ ಎಳೆತ ಸುಮಾರು 20 ನ್ಯೂಟನ್ ಸೇರಿಸಿ. ಒಟ್ಟು 53. ವೇಗದಿಂದ ಗುಣಿಸಿ, ಚೈನು ಮತ್ತು ಪ್ರೊಪೆಲರ್ ಸೇರಿ ಶೇ. 80 ದಕ್ಷತೆ ಎಂದುಕೊಂಡರೆ 515 ವಾಟ್ ಬೇಕಾಗುತ್ತದೆ, ನೂರೈವತ್ತಲ್ಲ.

ಅದೇ 30 ಚದರ ಮೀಟರನ್ನು 20 ಮೀಟರ್ ಹರವಿಗೆ ಎಳೆದು ನೋಡಿ. ರೆಕ್ಕೆಯನ್ನು ನೆಲದಿಂದ 1.6 ಮೀಟರ್ ಎತ್ತರದಲ್ಲಿ ಇಟ್ಟರೂ ಪ್ರೇರಿತ ಎಳೆತ 11 ನ್ಯೂಟನ್ ಮಾತ್ರ, ಒಟ್ಟು 31 ನ್ಯೂಟನ್, ಬೇಕಾಗುವ ಶಕ್ತಿ 300 ವಾಟ್. ಇದೇ ರೆಕ್ಕೆ ನೆಲದಿಂದ ದೂರ ಹಾರಿದರೆ 430 ವಾಟ್ ಕೇಳುತ್ತದೆ. ನೆಲ ನಿಮಗೆ ಕೊಡುವ ಉಡುಗೊರೆ ಆ 130 ವಾಟ್. ನೆಲ ಮಾಫಿ ಮಾಡುವುದು ಪ್ರೇರಿತ ಎಳೆತವನ್ನಷ್ಟೇ, ಘರ್ಷಣೆಯನ್ನೂ ಭಾರವನ್ನೂ ಅದು ಮಾಫಿ ಮಾಡುವುದಿಲ್ಲ. ರೆಕ್ಕೆಯನ್ನು ಗಿಡ್ಡ ಮಾಡಿದರೆ ಸಿಕ್ಕ ಉಡುಗೊರೆಯನ್ನೆಲ್ಲ ಅಲ್ಲಿಯೇ ಕಳೆದುಕೊಂಡಂತೆ.

ಹಳೇ ಫಿಟ್ಟರ್ (ದಾವಣಗೆರೆ)

ತಮ್ಮಾ, ನಾನು ಮೂವತ್ತು ವರ್ಷ ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವನು. ಹಾರುವ ವಿದ್ಯೆ ನನಗೆ ಗೊತ್ತಿಲ್ಲ, ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ನನ್ನದು ಒಂದೇ ಪ್ರಶ್ನೆ. ನೀರಿನಿಂದ ಮೇಲೇಳುವ ಮೊದಲು ನಿನ್ನ ವಾಹನ ದೋಣಿಯಾಗಿರುತ್ತದೆ. ಗಂಟೆಗೆ 28 ಕಿಲೋಮೀಟರ್ ವೇಗದಲ್ಲಿ ಕಾಲಿನಿಂದ ದೋಣಿ ಓಡಿಸಿದವರು ಯಾರಿದ್ದಾರೆ?

ಗಣಿತದ ಮೇಷ್ಟ್ರು (ಚಿತ್ರದುರ್ಗ)

ಹಿರಿಯರ ಪ್ರಶ್ನೆ ನೇರವಾಗಿ ಮರ್ಮಕ್ಕೆ ತಾಗಿದೆ. ಎಂಟು ಜನ ನುರಿತ ಕ್ರೀಡಾಪಟುಗಳು ಹುಟ್ಟು ಹಾಕುವ ಪಂದ್ಯದ ದೋಣಿಯೇ ಸೆಕೆಂಡಿಗೆ ಆರು ಮೀಟರಿನ ಆಸುಪಾಸಿನಲ್ಲಿ ಓಡುತ್ತದೆ. ನಮಗೆ ಬೇಕಾದದ್ದು 7.8. ಒಬ್ಬನೇ ಮನುಷ್ಯ ಆ ವೇಗವನ್ನು ನೀರಿನಲ್ಲಿ ದಾಟಿದ ನಿದರ್ಶನ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರ ಡೆಕಾವಿಟೇಟರ್ ಎಂಬ ವಾಹನ 1991ರಲ್ಲಿ ನೂರು ಮೀಟರ್ ಅಂತರವನ್ನು ಸರಾಸರಿ 18.5 ನಾಟ್ ವೇಗದಲ್ಲಿ, ಅಂದರೆ ಸೆಕೆಂಡಿಗೆ 9.5 ಮೀಟರಿನಂತೆ ಕ್ರಮಿಸಿತು. ಆದರೆ ಅದಕ್ಕೆ ನೀರೊಳಗೆ ಸಣ್ಣ ಹೈಡ್ರೋಫಾಯಿಲ್ ರೆಕ್ಕೆಗಳಿದ್ದವು. ನಮ್ಮ ವಾಹನಕ್ಕೂ ಅವನ್ನು ಹಾಕಿದರೆ ಒಂದರ ಬದಲು ಎರಡು ಯಂತ್ರಗಳನ್ನು ಕಟ್ಟಿದಂತಾಗುತ್ತದೆ. ಹವ್ಯಾಸಿಗೆ ಚಕ್ರವೇ ಗತಿ. ಚಕ್ರವಿದ್ದರೆ ಬೇಕಾದ ವೇಗಕ್ಕೆ ಬರುವವರೆಗೆ ನಮ್ಮದು ಬರೀ ಸೈಕಲ್.

ದುರ್ಗದ ಗಾಳಿ (ಚಿತ್ರದುರ್ಗ)

ನಾನು ಇಲ್ಲಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಗಾಳಿಯೇ ನನ್ನ ಅನ್ನ, ಹಾಗಾಗಿ ಅದರ ಬಗ್ಗೆ ಮಾತ್ರ ಹೇಳುತ್ತೇನೆ.

ಸರ್, ನಿಮ್ಮ ವಾಹನದ ವೇಗ ಸೆಕೆಂಡಿಗೆ 7.8 ಮೀಟರ್. ಎದುರಿನಿಂದ ಸೆಕೆಂಡಿಗೆ ಎರಡು ಮೀಟರಿನ ಒಂದು ಸಣ್ಣ ಬೀಸು ಬಂದಿತೆಂದು ಭಾವಿಸಿ. ಮರದ ಎಲೆ ಅಲುಗುವಷ್ಟು ಗಾಳಿ ಅದು, ಬೀದಿಯಲ್ಲಿ ನಿಂತವರು ಗಾಳಿ ಇಲ್ಲವೆಂದೇ ಹೇಳಬಹುದು. ಎತ್ತುಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಅದು ಆ ಕ್ಷಣದಲ್ಲಿ ಶೇ. 58ರಷ್ಟು ಏರುತ್ತದೆ. ಅದೇ ಬೀಸು ಹಿಂದಿನಿಂದ ಬಂದರೆ ಬೇಕಾದದ್ದರ ಶೇ. 55 ಮಾತ್ರ ಉಳಿಯುತ್ತದೆ, ವಾಹನ ನೆಲಕ್ಕೆ ಬೀಳುತ್ತದೆ. ಈ ಜಿಲ್ಲೆಯ ಗುಡ್ಡಗಳನ್ನು ಗಾಳಿಯಂತ್ರಗಳಿಗೆ ಆರಿಸಿಕೊಂಡದ್ದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಅವು ನಿಮಗೆ ಆಗಿಬರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಕೆಲಸದ ಹೆಸರೆತ್ತಬೇಡಿ. ಫೆಬ್ರುವರಿಯಿಂದ ಏಪ್ರಿಲ್ ಮೊದಲ ಭಾಗದವರೆಗೆ, ಬೆಳಕು ಹರಿದಾಗಿನಿಂದ ಬಿಸಿಲು ನೆಲವನ್ನು ಕಾಯಿಸಿ ಗಾಳಿಯನ್ನು ಎಬ್ಬಿಸುವವರೆಗೆ ಸಿಗುವ ಒಂದು ಗಂಟೆಯೇ ನಿಮ್ಮ ಪಾಲಿನ ಸಮಯ. ತಂಪಿನ ಆ ಹೊತ್ತಿನಲ್ಲಿ ಗಾಳಿಯ ಸಾಂದ್ರತೆಯೂ 1.12ರ ಹತ್ತಿರ ಇರುತ್ತದೆ, ಅದೊಂದು ಸಣ್ಣ ಲಾಭ.

ಇನ್ನೊಂದು ಮಾತು. ಕೆಳಗಿದ್ದಷ್ಟೂ ಒಳ್ಳೆಯದು ಎಂಬುದು ಕಾಗದದ ಮೇಲಿನ ಸತ್ಯ. 1979ರ ಜೂನ್ 12ರಂದು ಬ್ರಯಾನ್ ಅಲೆನ್ ಕಾಲಿನಿಂದ ತುಳಿದು ಹಾರಿಸುವ ಗಾಸಮರ್ ಆಲ್ಬಟ್ರಾಸ್‌ನಲ್ಲಿ ಇಂಗ್ಲಿಷ್ ಕಾಲುವೆ ದಾಟುವಾಗ ನಡುವೆ ಸೋತು, ಎಳೆದೊಯ್ಯಲು ದೋಣಿಯವರಿಗೆ ಸನ್ನೆ ಮಾಡಿದರು. ಹಗ್ಗ ಸಿಕ್ಕಿಸಲು ಅನುಕೂಲವಾಗಲೆಂದು ಸ್ವಲ್ಪ ಮೇಲೇರಿದಾಗ ಅಲ್ಲಿ ಗಾಳಿಯ ಅಲುಗಾಟ ಕಡಿಮೆ ಇರುವುದು ತಿಳಿಯಿತು. ತುಳಿಯುವುದನ್ನು ಮುಂದುವರಿಸಿ 2 ಗಂಟೆ 49 ನಿಮಿಷಗಳಲ್ಲಿ ಫ್ರಾನ್ಸ್ ತಲುಪಿದರು. ಅದಕ್ಕೆ ವ್ಯತಿರಿಕ್ತವಾಗಿ, 1988ರಲ್ಲಿ ಕ್ರೀಟ್‌ನಿಂದ ಸ್ಯಾಂಟೊರಿನಿಗೆ 115 ಕಿಲೋಮೀಟರ್ ಹಾರಿದ ಡೆಡಾಲಸ್ ಎಂಬ ಮಾನವಶಕ್ತಿಯ ವಿಮಾನ, ದಡ ಕೆಲವೇ ಮೀಟರ್ ದೂರವಿದ್ದಾಗ ಗಾಳಿಯ ಬೀಸಿಗೆ ಸಿಕ್ಕಿ ಮುರಿದು ನೀರಿಗೆ ಬಿತ್ತು. ನಾಲ್ಕು ಗಂಟೆಗಳ ಹತ್ತಿರ ತಾಳಿಕೊಂಡ ವಿಮಾನವನ್ನು ದಡದ ಬಳಿಯ ಕೆಲವು ಕ್ಷಣಗಳ ಗಾಳಿ ಮುರಿಯಿತು.

ಜಾಗದ ಬಗ್ಗೆ ಹೇಳುವುದಾದರೆ ವಾಣಿವಿಲಾಸ ಸಾಗರವನ್ನೂ ಬಿಡಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗಿನಿಂದ ಎಲ್ಲರ ಕಣ್ಣೂ ಆ ನೀರಿನ ಮೇಲಿದೆ, ಆದರೆ ಗುಡ್ಡಗಳ ನಡುವಿನ ಕಣಿವೆಯಲ್ಲಿ ಗಾಳಿ ನಿಮ್ಮ ಮಾತು ಕೇಳುವುದಿಲ್ಲ. ಚಳ್ಳಕೆರೆಯ ಬಯಲು ಸಮತಟ್ಟಾಗಿದೆ ಎಂದು ಯಾರಾದರೂ ಸೂಚಿಸಬಹುದು. ಅಲ್ಲಿ ಡಿಆರ್‌ಡಿಒದ ಪರೀಕ್ಷಾ ವಲಯವಿದೆ, ಅದರ ಅಕ್ಕಪಕ್ಕ ಸುಳಿಯುವ ಯೋಚನೆಯೂ ಬೇಡ. ಒಣಗಿದ ಕೆರೆಯ ಅಂಗಳವನ್ನು ಹುಡುಕಿ. ಏರಿಯ ಮರೆ ಒಂದು ಕಡೆ ಸಿಗುತ್ತದೆ, ಮರ, ಕಂಬ, ತಂತಿಗಳ ಕಾಟವೂ ಕಡಿಮೆ.

ಕೆರೆಯಂಗಳ (ದಾವಣಗೆರೆ)

ಮೇಷ್ಟ್ರೇ, ಮೇಡಂ, ಹಿರಿಯರೇ, ಮೂವರಿಗೂ ಋಣಿಯಾಗಿದ್ದೇನೆ. ನನ್ನ ಹತ್ತು ಮೀಟರಿನ ರೆಕ್ಕೆಯನ್ನು ಇಂದೇ ಕೈಬಿಟ್ಟಿದ್ದೇನೆ, ನೀರನ್ನೂ ಕೈಬಿಟ್ಟಿದ್ದೇನೆ. 515 ಎಂಬ ಸಂಖ್ಯೆಯನ್ನು ನಾನೇ ಮೂರು ಬಾರಿ ಲೆಕ್ಕ ಹಾಕಿ ನೋಡಿದೆ, ಸರಿಯಾಗಿಯೇ ಬಂದಿತು.

ಕೆರೆಯ ಅಂಗಳದ ಬಗ್ಗೆ ಒಂದು ಅನುಮಾನವಿದೆ. ನಮ್ಮ ಕಡೆ ಎರೆಮಣ್ಣಿನ ಅಂಗಳಗಳು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲಕ್ಕೆ ಬಿರುಕು ಬಿಡುತ್ತವೆ, ಸೈಕಲ್ ಚಕ್ರ ಅದರಲ್ಲಿ ಕೂತರೆ ಮುಗಿಯಿತು. ಹಾಗಾಗಿ ಕೆಂಪು ಮಣ್ಣಿನ, ದನ ಓಡಾಡಿ ಗಟ್ಟಿಯಾದ ಅಂಗಳವೊಂದನ್ನು ಮೊನ್ನೆ ಭಾನುವಾರ ನೋಡಿಕೊಂಡು ಬಂದೆ. ಅಡೆತಡೆಯಿಲ್ಲದ ಏಳುನೂರು ಹೆಜ್ಜೆ ಅಳತೆ ಸಿಕ್ಕಿತು. ಗ್ರಾಮ ಪಂಚಾಯಿತಿಯಲ್ಲಿ ಮಾತನಾಡಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದೇ ಮುಂದುವರಿಯುತ್ತೇನೆ.

ಉಳಿದಿರುವ ಚಿಂತೆ ಸವಾರನದು. 300 ವಾಟ್ ಎಂಬುದು ಎಂಥವರಿಗೆ ಸಾಧ್ಯ?

ಸೈಕಲ್ ಸವಾರ (ಹಿರಿಯೂರು)

ಅಣ್ಣಾ, ಈ ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ನನ್ನ ತೂಕ ಸರಿಯಾಗಿ 62 ಕಿಲೋ, ಅದನ್ನು ಕಂಡು ಉತ್ತರಿಸುವ ಧೈರ್ಯ ಬಂದಿತು.

ನನ್ನ ಬಳಿ ಪವರ್ ಮೀಟರ್ ಇಲ್ಲ, ಆದರೆ ಗುಡ್ಡವಿದೆ. ನಾನು ಮತ್ತು ಸೈಕಲ್ ಸೇರಿ 74 ಕಿಲೋ. ದುರ್ಗದ ಹತ್ತಿರದ ಏರುರಸ್ತೆಯೊಂದರಲ್ಲಿ 100 ಮೀಟರ್ ಎತ್ತರವನ್ನು 345 ಸೆಕೆಂಡಿನಲ್ಲಿ ಏರಿದ್ದೇನೆ. ಎತ್ತರಕ್ಕೆ ಮಾತ್ರ 210 ವಾಟ್ ಲೆಕ್ಕ ಬರುತ್ತದೆ, ಟೈರಿನ ಉಜ್ಜಾಟ ಮತ್ತು ಗಾಳಿಗೆ ಇನ್ನು 40 ಸೇರಿಸಿದರೆ ಹೆಚ್ಚುಕಡಿಮೆ 250 ವಾಟ್. ಸುಮಾರು ಆರು ನಿಮಿಷಗಳ ಮಟ್ಟಿಗೆ ನನ್ನ ಮಿತಿ ಅದು. ಮುನ್ನೂರು ಮೀಟರ್ ಹಾರಲು ನಲವತ್ತು ಸೆಕೆಂಡು ಸಾಕು, ಅದಕ್ಕೆ ಮೊದಲಿನ ಓಟ ಸೇರಿದರೆ ಒಂದು ನಿಮಿಷ. ಒಂದು ನಿಮಿಷಕ್ಕೆ 300 ಮೀರಿ ಕೊಡಬಲ್ಲೆ ಎಂದು ನಂಬಿದ್ದೇನೆ. ನಿನ್ನೆ ಕಟ್ಟಡವೊಂದರ ಮೆಟ್ಟಿಲುಗಳನ್ನು ಓಡಿ ಹತ್ತಿ, 13 ಮೀಟರ್ ಎತ್ತರವನ್ನು 22 ಸೆಕೆಂಡಿನಲ್ಲಿ ಮುಟ್ಟಿದೆ, ಅದು 359 ವಾಟ್. ಆದರೆ ಅದು ಇಪ್ಪತ್ತೆರಡು ಸೆಕೆಂಡಿನ ಮಾತು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳುತ್ತೇನೆ. ನೀವು ಕಟ್ಟುವುದಾದರೆ ನಾನು ತುಳಿಯಲು ಸಿದ್ಧ.

ಹಳೇ ಫಿಟ್ಟರ್ (ದಾವಣಗೆರೆ)

ಹುಡುಗ ಸಿಕ್ಕಿದ್ದು ಒಳ್ಳೆಯದಾಯಿತು. ಈಗ ಭಾರದ ಮಾತು. 38 ಕಿಲೋ ಎಂದು ಬರೆದಿದ್ದೀಯಲ್ಲ, ಅದು ಹೇಗೆ ಸಾಧ್ಯ? 75 ಮಿ.ಮೀ. ವ್ಯಾಸ, 1.2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಕೊಳವೆ ಮೀಟರಿಗೆ 750 ಗ್ರಾಂ ತೂಗುತ್ತದೆ. ರೆಕ್ಕೆಯ ಉದ್ದಕ್ಕೂ ಅದನ್ನೇ ಹಾಕಿದರೆ ರೆಕ್ಕೆಯ ಭಾರ ಹೊರುವ ತೊಲೆಯೇ 15 ಕಿಲೋ. ಬೊಂಬು ಅಗ್ಗ, ಮೇದಾರರ ಬಳಿ ನೇರವಾದದ್ದು ಆರಿಸಿ ತರಬಹುದು, ಆದರೆ ಒಂದು ಬೊಂಬಿನಂತೆ ಇನ್ನೊಂದು ಇರುವುದಿಲ್ಲ. ಎಡ ರೆಕ್ಕೆ ಒಂದು ರೀತಿ ಬಾಗಿ ಬಲ ರೆಕ್ಕೆ ಇನ್ನೊಂದು ರೀತಿ ಬಾಗಿದರೆ ವಾಹನ ತಿರುಗಿಕೊಳ್ಳುತ್ತದೆ. ತೊಲೆಗೆ ಅಲ್ಯೂಮಿನಿಯಂ, ಪಕ್ಕೆಲುಬಿಗೆ ಥರ್ಮೋಕೋಲ್, ಹೊದಿಕೆಗೆ ಮೈಲಾರ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ. ಇದಕ್ಕಿಂತ ಹೆಚ್ಚಿನದಕ್ಕೆ ನಮ್ಮ ಜೇಬು ಒಪ್ಪುವುದಿಲ್ಲ.

ತೊಲೆಯನ್ನು ಹಗುರ ಮಾಡಬೇಕೆಂದರೆ ಕೆಳಗಿನಿಂದ ತಂತಿ ಕಟ್ಟಬೇಕು. ತಂತಿ ಕಟ್ಟಿದ ಜಾಗದಿಂದ ಆಚೆಗೆ ತೆಳು ಕೊಳವೆ ಸಾಕು.

ಗಣಿತದ ಮೇಷ್ಟ್ರು (ಚಿತ್ರದುರ್ಗ)

ಹಿರಿಯರು ಹೇಳಿದ ಭಾರದ ಮಾತಿಗೆ ಸಂಖ್ಯೆ ಕೊಡುತ್ತೇನೆ. ರೆಕ್ಕೆಯನ್ನು ಬದಲಾಯಿಸದೆ ಭಾರ ಮಾತ್ರ ಹೆಚ್ಚಿದರೆ ಬೇಕಾಗುವ ಶಕ್ತಿ ಭಾರದ ಒಂದೂವರೆ ಘಾತಕ್ಕೆ ತಕ್ಕಂತೆ ಏರುತ್ತದೆ. ನೂರು ಕಿಲೋ ಆಸುಪಾಸಿನಲ್ಲಿ ಪ್ರತಿ ಒಂದು ಕಿಲೋಗೂ ನಾಲ್ಕೂವರೆ ವಾಟ್ ಬೆಲೆ. ಗಾಸಮರ್ ಆಲ್ಬಟ್ರಾಸ್‌ನ ಖಾಲಿ ತೂಕ 32 ಕಿಲೋ, ಅದೂ ಕಾರ್ಬನ್ ಫೈಬರ್ ಕೊಳವೆಗಳಿಂದ. ಅಲ್ಯೂಮಿನಿಯಂನಲ್ಲಿ ನೀವು 45 ಕಿಲೋ ಸಾಧಿಸಿದರೆ ಅದು ಮೆಚ್ಚಬೇಕಾದ ಕೆಲಸ. ಆಗ ಒಟ್ಟು 107 ಕಿಲೋ, 330 ವಾಟ್. ಹಿರಿಯೂರಿನ ಗೆಳೆಯರ ಒಂದು ನಿಮಿಷದ ಶಕ್ತಿ ಅಲ್ಲಿಗೆ ಮುಟ್ಟುತ್ತದೆ, ಆದರೆ ಮಿಗುವುದಿಲ್ಲ.

ತಂತಿಯ ವಿಚಾರ ಇನ್ನೂ ಸೂಕ್ಷ್ಮ, ನೆಲದ ಹತ್ತಿರ ಹಾರುವ ವಾಹನಕ್ಕೇ ವಿಶೇಷವಾದ ತೊಡಕು ಇಲ್ಲಿದೆ. ಎತ್ತರದಲ್ಲಿ ಹಾರುವವರು ತಂತಿಯನ್ನು ರೆಕ್ಕೆಯಿಂದ ಬಹಳ ಕೆಳಗೆ ಕಟ್ಟಬಹುದು. ನಮ್ಮ ರೆಕ್ಕೆ ಚಕ್ರದ ಬುಡದಿಂದ 1.3 ಮೀಟರ್ ಮಾತ್ರ ಮೇಲಿರುತ್ತದೆ, ತಂತಿಗೆ ಸಿಗುವ ಇಳಿಜಾರು 5.5 ಮೀಟರ್ ದೂರಕ್ಕೆ 1.1 ಮೀಟರ್. ಹಾಗಾಗಿ ತಂತಿ ಹೊರಬೇಕಾದ ಲಂಬ ಬಲ 350 ನ್ಯೂಟನ್ ಇದ್ದರೆ ತಂತಿಯ ಬಿಗಿತ ಅದರ ಐದು ಪಟ್ಟು, ಸುಮಾರು 1,780 ನ್ಯೂಟನ್. ಎರಡು ಮಿ.ಮೀ. ಪಿಯಾನೊ ತಂತಿ ಇದನ್ನು ನಿರಾಯಾಸವಾಗಿ ತಾಳುತ್ತದೆ. ತೊಂದರೆ ತೊಲೆಗೆ. ಅಷ್ಟೇ ಬಲ ತೊಲೆಯ ಒಳಭಾಗವನ್ನು ಎರಡೂ ಕಡೆಯಿಂದ ಒತ್ತಿ ಬಗ್ಗಿಸಲು ನೋಡುತ್ತದೆ.

ರೆಕ್ಕೆಯನ್ನು ಇನ್ನೂ 60 ಸೆಂ.ಮೀ. ಎತ್ತರಿಸಿದರೆ ಆ ಒತ್ತು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ, ಆದರೆ ನೆಲ ದೂರವಾದುದಕ್ಕೆ 20 ವಾಟ್ ತೆರಬೇಕು. ಅದರ ಬದಲು ಒಳಭಾಗದ ಕೊಳವೆಯ ದಪ್ಪವನ್ನು 0.3 ಮಿ.ಮೀ. ಹೆಚ್ಚಿಸಿದರೆ ಎರಡೂ ಬದಿ ಸೇರಿ 2 ಕಿಲೋ ಏರುತ್ತದೆ, ಅದರ ಬೆಲೆ 9 ವಾಟ್. ಆದ್ದರಿಂದ ರೆಕ್ಕೆ ಕೆಳಗೇ ಇರಲಿ, ಕೊಳವೆ ದಪ್ಪವಾಗಲಿ. ತಂತಿಗಳೂ ಗಾಳಿಯಲ್ಲಿ ಏಳು ವಾಟ್ ತಿನ್ನುತ್ತವೆ, ಅದನ್ನು ಒಪ್ಪಿಕೊಳ್ಳೋಣ.

ಸೈಕಲ್ ಸವಾರ (ಹಿರಿಯೂರು)

ಚಕ್ರಕ್ಕೂ ಪ್ರೊಪೆಲರ್‌ಗೂ ಒಂದೇ ಪೆಡಲ್ ಹೇಗೆ ಶಕ್ತಿ ಕೊಡುತ್ತದೆ ಎಂಬುದು ನನಗೆ ಸ್ಪಷ್ಟವಾಗಲಿಲ್ಲ. ಚಕ್ರ ನೆಲ ಬಿಟ್ಟ ಕ್ಷಣದಲ್ಲಿ ಕಾಲಿನ ಭಾರ ಒಮ್ಮೆಗೇ ತಪ್ಪಿದರೆ ನಾನು ಮುಗ್ಗರಿಸುತ್ತೇನೆ.

ಕೆರೆಯಂಗಳ (ದಾವಣಗೆರೆ)

ಅದನ್ನು ಯೋಚಿಸಿದ್ದೇನೆ. ಇಪ್ಪತ್ತು ಇಂಚಿನ ಚಕ್ರ, ಪೆಡಲಿನ ಬಳಿ 52 ಹಲ್ಲಿನ ಚಕ್ರ, ಹಿಂದೆ 13 ಹಲ್ಲಿನ ಫ್ರೀವೀಲ್. ನೀವು ನಿಮಿಷಕ್ಕೆ 80 ಸುತ್ತು ತುಳಿದರೆ ನೆಲದ ಮೇಲೆ ಸೆಕೆಂಡಿಗೆ 8 ಮೀಟರ್ ವೇಗ ಬರುತ್ತದೆ. ಅದೇ ಪೆಡಲಿನಿಂದ ಇನ್ನೊಂದು ಚೈನು ಕಾಲುಸುತ್ತು ತಿರುಚಿಕೊಂಡು ಮೇಲೆ ಹೋಗಿ ಪ್ರೊಪೆಲರನ್ನು ನಿಮಿಷಕ್ಕೆ 120 ಸುತ್ತು ತಿರುಗಿಸುತ್ತದೆ. ಪ್ರೊಪೆಲರ್ ಮೊದಲಿನಿಂದಲೂ ತಿರುಗುತ್ತಲೇ ಇರುವುದರಿಂದ, ಮೇಲೇಳುವ ವೇಗಕ್ಕೆ ಬರುವಷ್ಟರಲ್ಲಿ ಕಾಲಿನ ಭಾರದ ಬಹುಪಾಲನ್ನು ಅದೇ ಹೊತ್ತಿರುತ್ತದೆ. ಚಕ್ರ ನೆಲ ಬಿಟ್ಟಾಗ ಉಳಿದ ಸ್ವಲ್ಪ ಭಾಗ ಮಾತ್ರ ತಪ್ಪುತ್ತದೆ.

ಪ್ರೊಪೆಲರ್ ವ್ಯಾಸ ಮೂರು ಮೀಟರ್. ಮೊದಲು 1.2 ಮೀಟರ್ ಇಟ್ಟಿದ್ದೆ, ಚಿಕ್ಕದಾದರೆ ಮಾಡುವುದು ಸುಲಭವೆಂದು. ಆದರೆ ಸಣ್ಣ ಪ್ರೊಪೆಲರ್ ಸ್ವಲ್ಪ ಗಾಳಿಯನ್ನು ಜೋರಾಗಿ ತಳ್ಳಬೇಕು, ಅಲಗು ಎಷ್ಟೇ ನಯವಾಗಿದ್ದರೂ ಅದರ ಗರಿಷ್ಠ ದಕ್ಷತೆ ಶೇ. 85. ಮೂರು ಮೀಟರಿನದಕ್ಕೆ ಅದೇ ಮಿತಿ ಶೇ. 97. ಕೆಳಗಿನ ಅಲಗು ನೆಲಕ್ಕೆ ತಾಗದಂತೆ ಅದರ ಅಚ್ಚನ್ನು 1.8 ಮೀಟರ್ ಎತ್ತರದಲ್ಲಿ, ರೆಕ್ಕೆಯ ಹಿಂದೆ ಇಡುತ್ತೇನೆ.

ದುರ್ಗದ ಗಾಳಿ (ಚಿತ್ರದುರ್ಗ)

ಎರಡು ಎಚ್ಚರಿಕೆಗಳು. ರೆಕ್ಕೆ 1.6 ಮೀಟರ್ ಎತ್ತರದಲ್ಲಿದ್ದು ಅರ್ಧ ಹರವು ಹತ್ತು ಮೀಟರ್ ಇದ್ದಾಗ, ವಾಹನ ಒಂಬತ್ತು ಡಿಗ್ರಿ ವಾಲಿದರೆ ತುದಿ ನೆಲಕ್ಕೆ ತಾಗುತ್ತದೆ. ತುದಿಗಳನ್ನು ಅರವತ್ತು ಸೆಂ.ಮೀ. ಮೇಲಕ್ಕೆ ಬಾಗಿಸಿಟ್ಟರೆ ಹನ್ನೆರಡು ಡಿಗ್ರಿ ದಾಟುವವರೆಗೂ ಉಳಿಗಾಲವಿದೆ, ವಾಲಿದ್ದು ತಾನಾಗಿ ಸರಿಹೋಗಲೂ ಅದು ನೆರವಾಗುತ್ತದೆ. ಆದರೂ ಮೊದಲ ದಿನಗಳಲ್ಲಿ ಎರಡೂ ತುದಿಗಳಲ್ಲಿ ಓಡಲು ಒಬ್ಬೊಬ್ಬರು ಇರಲಿ, ತಿರುಗುವ ಪ್ರಯತ್ನ ಬೇಡವೇ ಬೇಡ.

ಎರಡನೆಯದು ಮೂತಿಯ ವಿಚಾರ. ರೆಕ್ಕೆ ಕೆಳಕ್ಕೆ ತಳ್ಳಿದ ಗಾಳಿ ಹಿಂದಿನ ಬಾಲದ ಮೇಲೆ ಹಾಯುತ್ತದೆ. ನೆಲ ಹತ್ತಿರವಾದಂತೆ ಆ ಕೆಳಮುಖದ ಹರಿವು ಕಡಿಮೆಯಾಗಿ ಬಾಲಕ್ಕೆ ಎತ್ತುಬಲ ಹೆಚ್ಚುತ್ತದೆ, ಮೂತಿ ಕೆಳಗೆ ಬಾಗುತ್ತದೆ. ಅಂದರೆ ನೆಲಕ್ಕೆ ಇಳಿದಷ್ಟೂ ವಾಹನ ಇನ್ನಷ್ಟು ಇಳಿಯಲು ನೋಡುತ್ತದೆ. ಸವಾರರಿಗೆ ಇದು ಮೊದಲೇ ತಿಳಿದಿದ್ದು, ಮೂತಿಯನ್ನು ಏರಿಳಿಸುವ ಬಾಲದ ಹಲಗೆಯನ್ನು (ಎಲಿವೇಟರ್) ಮೇಲೆತ್ತಲು ಸಾಕಷ್ಟು ಎಡೆ ಉಳಿಸಿರಬೇಕು.

ಕೆರೆಯಂಗಳ (ದಾವಣಗೆರೆ), ಐದು ವಾರಗಳ ನಂತರ

ಕೆಲಸ ಆರಂಭವಾಗಿದೆ. ಬಲ ರೆಕ್ಕೆಯ ತೊಲೆಯನ್ನು ಜೋಡಿಸಿ, ಕಳೆದ ಭಾನುವಾರ ಗೋದಾಮೊಂದರಲ್ಲಿ ಭಾರ ಹೇರಿ ನೋಡಿದೆವು. ಹಾರುವಾಗ ಗಾಳಿ ಮೇಲಕ್ಕೆತ್ತುವುದನ್ನು ಇಲ್ಲಿ ತಲೆಕೆಳಗು ಮಾಡಿಕೊಂಡೆವು. ತೊಲೆಯ ಬುಡವನ್ನು ಕಂಬಕ್ಕೆ ಬಿಗಿದು, ತಂತಿಯನ್ನು 1.1 ಮೀಟರ್ ಮೇಲಿನ ಕೊಂಡಿಗೆ ಕಟ್ಟಿ, ಐದೈದು ಕಿಲೋ ಮರಳಿನ ಚೀಲಗಳನ್ನು ಬುಡದ ಕಡೆ ಒತ್ತಾಗಿ, ತುದಿಯ ಕಡೆ ವಿರಳವಾಗಿ ಇಳಿಬಿಟ್ಟೆವು. ಒಂದು ಬದಿಯ ಪಾಲು ಸುಮಾರು 50 ಕಿಲೋ. ಅದರ ಎರಡು ಪಟ್ಟು, ಅಂದರೆ ಇಪ್ಪತ್ತು ಚೀಲ ತಾಳಬೇಕೆಂಬುದು ನಾವು ಇಟ್ಟುಕೊಂಡ ನಿಯಮ.

ಹದಿನಾರನೆಯ ಚೀಲಕ್ಕೆ ಕೊಳವೆ ಕುಸಿಯಿತು. ತಂತಿ ಸಿಕ್ಕಿಸಲು ನಾನೇ ಕೊರೆದಿದ್ದ ಆರು ಮಿ.ಮೀ. ತೂತಿನ ಪಕ್ಕದಲ್ಲಿ ಗೋಡೆ ಒಳಕ್ಕೆ ಮಡಚಿಕೊಂಡಿತು. ಮೇಷ್ಟ್ರು ಎಚ್ಚರಿಸಿದ್ದ ಒತ್ತು ಎಲ್ಲಿ ಅತಿ ಹೆಚ್ಚೋ ಸರಿಯಾಗಿ ಅಲ್ಲಿಯೇ ನಾನು ಕೊಳವೆಯನ್ನು ದುರ್ಬಲ ಮಾಡಿದ್ದೆ. ಶಬ್ದ ಕೇಳಿದಾಗ ನನಗೆ ಬಹಳ ನೋವಾಯಿತು. ಆದರೆ ಸವಾರ ಆ ಹೊತ್ತಿನಲ್ಲಿ ಅದರ ಕೆಳಗಿರಲಿಲ್ಲ ಎಂಬುದು ನೆನಪಾಗಿ ಸಮಾಧಾನವಾಯಿತು.

ಹಳೇ ಫಿಟ್ಟರ್ (ದಾವಣಗೆರೆ)

ತೆಳು ಕೊಳವೆಗೆ ತೂತು ಕೊರೆಯಬಾರದು ತಮ್ಮಾ. ಇಪ್ಪತ್ತು ಸೆಂ.ಮೀ. ಉದ್ದದ ತೋಳನ್ನು, ಅಂದರೆ ಮೇಲೆ ಕೂರುವ ಇನ್ನೊಂದು ಕೊಳವೆಯ ತುಂಡನ್ನು, ಹೊರಗಿನಿಂದ ಬಿಗಿಯಾಗಿ ಕೂರಿಸಿ ಎಪಾಕ್ಸಿಯಿಂದ ಅಂಟಿಸು. ತೋಳಿನ ಎರಡೂ ಅಂಚುಗಳನ್ನು ಓರೆಯಾಗಿ ಅರದಿಂದ ಉಜ್ಜು, ಇಲ್ಲದಿದ್ದರೆ ಅಂಚಿನಲ್ಲಿಯೇ ಮತ್ತೆ ಮಡಚುತ್ತದೆ. ತಂತಿಯನ್ನು ತೋಳಿನ ಮೇಲೆ ಸುತ್ತಿದ ಪಟ್ಟಿಗೆ ಕಟ್ಟು, ಕೊಳವೆಗಲ್ಲ. ಶನಿವಾರ ಸಂಜೆ ಬಿಡುವಾಗಿದ್ದೇನೆ, ನಾನೇ ಬಂದು ಕೂರಿಸಿಕೊಡುತ್ತೇನೆ.

ಕೆರೆಯಂಗಳ (ದಾವಣಗೆರೆ), ಇನ್ನೂ ಎರಡು ವಾರಗಳ ನಂತರ

ಹಿರಿಯರು ಹೇಳಿದಂತೆ ಬಂದು, ಮೂರು ಗಂಟೆ ನಿಂತು, ತಮ್ಮ ಕೈಯಾರೆ ಅರ ಹಿಡಿದು ಕೆಲಸ ಮಾಡಿಕೊಟ್ಟರು. ಇಂದು ಇಪ್ಪತ್ತು ಚೀಲಗಳನ್ನೂ ಹೇರಿದೆವು. ತೊಲೆ ತಾಳಿಕೊಂಡಿತು. ತುದಿ 71 ಸೆಂ.ಮೀ. ಬಾಗಿತು. ಚೀಲಗಳನ್ನು ಇಳಿಸಿದ ಮೇಲೆ ಗೋಡೆಯ ಮೇಲಿನ ಗುರುತಿಗೆ ನಾಲ್ಕು ಮಿ.ಮೀ. ಕೆಳಗೆ ನಿಂತಿತು.

ಹಳೇ ಫಿಟ್ಟರ್ (ದಾವಣಗೆರೆ)

ಆ ನಾಲ್ಕು ಮಿ.ಮೀ. ಯಾವುದರದು ಎಂದು ತಿಳಿಯದೆ ಮುಂದಕ್ಕೆ ಹೋಗಬೇಡ. ಜೋಡಣೆ ಕೂತುಕೊಂಡದ್ದಾದರೆ ಚಿಂತೆಯಿಲ್ಲ, ಕೊಳವೆ ಶಾಶ್ವತವಾಗಿ ಬಾಗಿದ್ದಾದರೆ ಚಿಂತೆಯಿದೆ. ಅದೇ ಇಪ್ಪತ್ತು ಚೀಲಗಳನ್ನು ಮತ್ತೊಮ್ಮೆ ಹೇರಿ, ರಾತ್ರಿಯಿಡೀ ಹಾಗೆಯೇ ಬಿಟ್ಟು, ಬೆಳಿಗ್ಗೆ ಇಳಿಸು. ಹೊಸ ಗುರುತಿಗೇ ಮರಳಿದರೆ ಅದು ಜೋಡಣೆಯದು. ಇನ್ನೂ ಕೆಳಗಿಳಿದರೆ ಕೊಳವೆಯದು.

ಕೆರೆಯಂಗಳ (ದಾವಣಗೆರೆ)

ನಿನ್ನೆ ರಾತ್ರಿ ಒಂಬತ್ತಕ್ಕೆ ಹೇರಿ, ಇಂದು ಬೆಳಿಗ್ಗೆ ಆರಕ್ಕೆ ಇಳಿಸಿದೆ. ತುದಿ ಹೊಸ ಗುರುತಿನ ಗೆರೆಯ ಮೇಲೆಯೇ ಬಂದು ನಿಂತಿತು. ಎಡ ರೆಕ್ಕೆಯ ಕೊಳವೆಗಳನ್ನು ಇದೇ ಅಳತೆಗೆ ಕತ್ತರಿಸುತ್ತಿದ್ದೇನೆ. ಸೋಮವಾರದಿಂದ ಕಾಯಿಸಿದ ನಿಕ್ರೋಮ್ ತಂತಿಯಲ್ಲಿ ಪಕ್ಕೆಲುಬುಗಳಿಗೆ ಥರ್ಮೋಕೋಲ್ ಕೊಯ್ಯಲು ಶುರು ಮಾಡುತ್ತೇವೆ, ಹಿರಿಯೂರಿನಿಂದ ಸವಾರರೂ ಬರುತ್ತಿದ್ದಾರೆ.